ಒದರು ಅಂದರೆ ಯಾವ ಒದರು?

ಬೇರೆ ಬೇರೆ ಸೀಮೆಯ ಕನ್ನಡ ಮಾತಾಡುವ ಇಬ್ಬರನ್ನು ಒಂದೇ ಕಚೇರಿಯಲ್ಲಿ ಕೂಡಿಸಿ ನೋಡಿ, ದಿನಕ್ಕೊಂದು ತಮಾಷೆ ಗ್ಯಾರಂಟಿ. ಕಾಲುವೆ ಅಗೆಯುವ ಕಾಲದಲ್ಲಿ ಸಿಂಧನೂರು ಕಡೆಯ ಕ್ಯಾಂಪಿನಲ್ಲಿ ನಾನು ಗುಮಾಸ್ತ. ಲೆಕ್ಕದಲ್ಲಿ ಹೇಗೋ ಏನೋ, ಮಾತಿನಲ್ಲಿ ನನ್ನನ್ನು ಮೀರಿಸುವವರು ಅಲ್ಲಿರಲಿಲ್ಲ.

ಹಾಸಿಗೆಯ ಮುಂದೆ

ನಮ್ಮ ಕಡೆ ಒದರುವುದೆಂದರೆ ಗಟ್ಟಿಯಾಗಿ ಕೂಗುವುದು. ಕೂಸು ಒದರುತ್ತದೆ, ಎಮ್ಮೆ ಒದರುತ್ತದೆ, ಕಂಡಕ್ಟರ್ "ಮಸ್ಕಿ, ಲಿಂಗಸುಗೂರು" ಅಂತ ಒದರುತ್ತಾನೆ. ಮೈಸೂರು ಕಡೆಯಿಂದ ಹೊಸದಾಗಿ ಬಂದ ಎಂಜಿನಿಯರ್ ಸಾಹೇಬರು ಮೊದಲ ದಿನವೇ ಚಪರಾಸಿಗೆ, "ಹಾಸಿಗೆ ಒದರಪ್ಪ" ಅಂದರು.

ಅವನು ಅಲ್ಲೇ ಹತ್ತಿರದ ಸಾಲಗುಂದದವನು, ಬಹಳ ವಿಧೇಯ. ಹಾಸಿಗೆಯ ಮುಂದೆ ಕೈಕಟ್ಟಿ ನಿಂತು ಯೋಚಿಸಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಏನಂತ ಒದರ್ಲಿರೀ?"

ಮರ್ಯಾದೆಯ ಪ್ರಶ್ನೆ

ಮಾರನೆಯ ದಿನ ಆ ತಪ್ಪು ಸರಿಪಡಿಸಲು ಅವನು ಬಲು ವಿನಯದಿಂದ, "ಸಾಹೇಬ್ರ, ಏನರ ಬೇಕಾದ್ರ ಒದರ್ರಿ, ಓಡಿ ಬರ್ತೀನಿ" ಅಂದ. ಸಾಹೇಬರ ಊರಲ್ಲಿ ಹಾಸಿಗೆ ಝಾಡಿಸುವುದಕ್ಕೆ ಒದರುವುದು ಅನ್ನುತ್ತಾರೆ. ಮನುಷ್ಯ ಒದರಿದ ಅಂದರೆ ಮಾತ್ರ ಬಾಯಿಗೆ ಬಂದದ್ದು ಹರಟಿದ ಅಂತ ಅರ್ಥ. ಅವರ ಮುಖ ಕೆಂಪಾಯಿತು. ಇನ್ನೊಮ್ಮೆ ಹೀಗಾದರೆ ನೌಕರಿ ಹೋಯಿತು ಅಂತ ತಿಳಿ ಅಂದರು.

ಚಪರಾಸಿ ಅಳುವುದೊಂದು ಬಾಕಿ. ತುರ್ವಿಹಾಳದ ಬೀಗರು ಈ ನೌಕರಿ ನೋಡಿಯೇ ಹೆಣ್ಣು ಕೊಡಲು ಒಪ್ಪಿದ್ದರು. ನನಗೆ ನಿಜಕ್ಕೂ ಕನಿಕರ ಬಂತು. ಸಾಹೇಬರಿಗೆ ನಮ್ಮ ಅರ್ಥ ಕಲಿಸಿದೆ, ಅವನಿಗೆ ಸಾಹೇಬರ ಅರ್ಥ ಕಲಿಸಿದೆ. ಎರಡಕ್ಕೂ ಬೇರು ಒಂದೇ ಎಂದು ನನ್ನ ವಾದ: ಹಾಸಿಗೆ ಒದರಿದರೆ ಧೂಳು ಬೀಳುತ್ತದೆ, ಮನುಷ್ಯ ಒದರಿದರೆ ಹೊಟ್ಟೆಯೊಳಗಿದ್ದದ್ದೆಲ್ಲ ಬೀಳುತ್ತದೆ.

ಇಬ್ಬರೂ ಜಾಣ ವಿದ್ಯಾರ್ಥಿಗಳು. ಅದೇ ತೊಂದರೆಯಾಯಿತು.

ಕಲ್ಲುಗುಂಪಿಯ ಮೇಲೆ

ಒಂದು ಮಧ್ಯಾಹ್ನ ಸಾಹೇಬರು ಕಾಲುವೆ ದಂಡೆಯ ಕಲ್ಲುಗುಂಪಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಕಲ್ಲಿನ ಸಂದಿಯಿಂದ ಎದ್ದ ಚೇಳೊಂದು ಅವರ ಕೋಟಿನ ಬೆನ್ನೇರಿತು. ಚಪರಾಸಿ ಕಂಡ. ಝಾಡಸ್ರಿ ಅಂದಿದ್ದರೆ ಮುಗಿದಿತ್ತು. ಆದರೆ ನೌಕರಿಯ ಭಯ, ಸಾಹೇಬರ ಭಾಷೆಯಲ್ಲೇ ಹೇಳಬೇಕಲ್ಲ.

"ಸಾಹೇಬ್ರ, ಬೆನ್ನ ಮ್ಯಾಲ ಚೇಳು ಬಂದೈತಿ. ಒದರ್ರಿ, ಜಲ್ದಿ ಒದರ್ರಿ."

ಸಾಹೇಬರು ನಮ್ಮ ಭಾಷೆಯಲ್ಲೇ ಅರ್ಥ ಮಾಡಿಕೊಂಡರು. ಕಂಬದ ಹಾಗೆ ಸೆಟೆದು ನಿಂತು, ಕಣ್ಣು ಮುಚ್ಚಿ, ಮಸ್ಕಿಗೆ ಕೇಳುವಂತೆ "ಚೇಳು, ಚೇಳು" ಅಂತ ಒದರಿದರು. ಮಣ್ಣು ಹೊರುತ್ತಿದ್ದವರೆಲ್ಲ ಗುದ್ದಲಿ ಹಿಡಿದು ಓಡಿ ಬಂದರು. ಚೇಳು ಮಾತ್ರ ನಿಧಾನವಾಗಿ ಕಾಲರಿನ ಕಡೆ ಹೊರಟಿತ್ತು. ಚಪರಾಸಿಗೆ ಇನ್ನು ತಡೆಯಲಾಗಲಿಲ್ಲ.

"ಬಾಯಿಲೆ ಅಲ್ರಿ ಸಾಹೇಬ್ರ, ಮೈಲೆ ಒದರ್ರಿ."

ಹಾಗೆನ್ನುತ್ತ ತಾನೇ ಕೋಟು ಎಳೆದು ಝಾಡಿಸಿದ. ಚೇಳು ಬಿತ್ತು, ಯಾರದೋ ಗುದ್ದಲಿಗೆ ಸತ್ತಿತು.

ಸಂಜೆ ಸಾಹೇಬರು ಅವನನ್ನು ಕರೆಸಿದರು. ನೌಕರಿ ಹೋಯಿತು, ಮದುವೆ ಮುರಿಯಿತೆಂದೇ ತಿಳಿದು ಹೋದ. ಸಾಹೇಬರು ಕೋಟು ಅವನ ಕೈಗಿತ್ತು, ಮದುವೆಗೆ ಹಾಕಿಕೋ ಅಂದರು. ಆಮೇಲೆ ಗಂಭೀರವಾಗಿ ಹೇಳಿದರು:

"ನಾಳೆಯಿಂದ ಏನಾದ್ರೂ ಬೇಕಾದ್ರೆ ಒದರ್ತೀನಪ್ಪ. ಬಾಯಿಲೆ."