ನಡುಮನೆಯ ತೊಟ್ಟಿಯ ಯಜಮಾನರಿಗೆ, ನನ್ನ ಕಿಟಕಿಯ ವಿಷಯವಾಗಿ

ಮಾನ್ಯರೇ,

ನಡುಮನೆಯ ಐದಡಿ ಉದ್ದದ ಗಾಜಿನ ತೊಟ್ಟಿಯ ಅಧಿಪತಿಗಳೂ, ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಉಬ್ಬನ್ನು ಹೊತ್ತು ಮೆರೆಯುವವರೂ, ಫ್ಲವರ್‌ಹಾರ್ನ್ ಎಂಬ ಘನ ಮೀನುಕುಲದವರೂ ಆದ ತಮಗೆ, ಅದೇ ಮನೆಯ ಅಡುಗೆಮನೆ ಪಕ್ಕದ ಓಣಿಯಂಥ ಜಾಗಕ್ಕೆ ಮೇಜು ಸಮೇತ ತಳ್ಳಲ್ಪಟ್ಟಿದ್ದ ನಾನು ಮಾಡುವ ನಮಸ್ಕಾರಗಳು. ತಾವೂ, ತಮ್ಮ ನೆರೆಯವರಾದ ಇಬ್ಬರು ಆಸ್ಕರ್ ಮೀನುಗಳೂ, ತಳದಲ್ಲಿ ಮೀಸೆ ಚಾಚಿ ಮಲಗಿರುವ ಕ್ಯಾಟ್‌ಫಿಶ್ ಹಿರಿಯರೂ ಇಂದು ಬೆಳಗಿನವರೆಗೆ ಒಬ್ಬರ ಬಾಲವನ್ನೊಬ್ಬರು ಪೂರ್ತಿ ತಿಂದು ಮುಗಿಸಿಲ್ಲವೆಂದೂ, ಉಳಿದಷ್ಟು ಬಾಲದೊಂದಿಗೆ ಕ್ಷೇಮವಾಗಿದ್ದೀರೆಂದೂ ನಂಬಿದ್ದೇನೆ. ಈ ಪತ್ರದ ಒಂದು ಪ್ರತಿಯನ್ನು ಅಕ್ಷರಗಳು ತಮ್ಮತ್ತ ಮುಖ ಮಾಡುವಂತೆ ಗಾಜಿಗೆ ಅಂಟಿಸಿದ್ದೇನೆ. ಇನ್ನೊಂದು ಪ್ರತಿ ತಮ್ಮನ್ನು ನೋಡಲು ಬರುವ ನೆರೆಹೊರೆಯವರಿಗಾಗಿ, ಏಕೆಂದರೆ ನನ್ನನ್ನು ನೋಡಲು ಯಾರೂ ಬರುವುದಿಲ್ಲ.

ನಾನು ಹಲ್ಲು ಕಟ್ಟುವವನು. ದಂತವೈದ್ಯರು ಕಳಿಸುವ ಅಚ್ಚಿಗೆ ಮೇಣ ಕೂರಿಸಿ, ಹಲ್ಲಿನ ಸೆಟ್ಟು ತಯಾರಿಸಿ, ಪರರ ಬಾಯಿ ತುಂಬಿಸಿ ನನ್ನ ಬಾಯಿಗೆ ಅನ್ನ ಕಾಣುವವನು. ಹಲ್ಲಿನ ಬಣ್ಣ ಹೊಂದಿಸಲು ಟ್ಯೂಬ್‌ಲೈಟು ಸಾಲದು, ಹಗಲಿನ ಬೆಳಕೇ ಬೇಕು; ಆದ್ದರಿಂದ ಮದುವೆಯಾದ ಲಾಗಾಯ್ತು ನನ್ನ ಮೇಜು ನಡುಮನೆಯ ಕಿಟಕಿಯ ಪಕ್ಕದಲ್ಲೇ ಇತ್ತು. ನನ್ನ ಹೆಂಡತಿ ಕಿಟಕಿಯ ಕಟ್ಟೆಯ ಮೇಲೆ ಕೂತು, ನಾನು ಎತ್ತಿ ಹಿಡಿದ ಹಲ್ಲನ್ನು ನೋಡಿ, “ಇದು ಸ್ವಲ್ಪ ಹಳದಿ ಆಯ್ತು ಕಣ್ರೀ, ಅಷ್ಟೊಂದು ಕಾಫಿ ಕುಡಿಯೋರ ಥರ ಕಾಣಲ್ಲ ಅವ್ರು” ಎನ್ನುತ್ತಿದ್ದಳು. ಅವಳ ಕಣ್ಣು ಒಂದು ದಿನವೂ ತಪ್ಪಿದ್ದಿಲ್ಲ. ಆ ಕಣ್ಣು ಈಗ ತಮ್ಮ ಮೇಲಿದೆ, ಕಟ್ಟೆ ಖಾಲಿಯಿದೆ, ನನಗೆ ಹೊಟ್ಟೆಕಿಚ್ಚಾಗಿದೆ ಎಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಮೊದಲು ಅವಳು ಫೋನಿನಲ್ಲಿ “ನಮ್ ಯಜಮಾನ್ರಿಗೆ ಹೊಟ್ಟೆ ಸರಿಯಿಲ್ಲ” ಎಂದರೆ ಅದು ನನ್ನ ಹೊಟ್ಟೆಯಾಗಿರುತ್ತಿತ್ತು. ಈಗ ಅವಳ ಬಾಯಲ್ಲಿ ಆ ಪದವಿ ತಮ್ಮದು; ಯಾರ ಹೊಟ್ಟೆಯೆಂದು ತಿಳಿಯಲು ನಾನು ಎದ್ದು ಹೋಗಿ ತೊಟ್ಟಿಯೊಳಗೆ ನೋಡಬೇಕು.

ಇಷ್ಟು ದೊಡ್ಡ, ಇಷ್ಟು ಮುಂಗೋಪಿ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಇಡುವುದೆಂದರೆ ಒಂದೇ ಒರೆಗೆ ನಾಲ್ಕು ಕತ್ತಿ ತುರುಕಿದ ಹಾಗೆ ಎಂದು ನಾನು ಆಗಲೇ ಹೇಳಿದ್ದೆ. ಆದರೆ ಅವಳು ಮೀನಂಗಡಿಯವನಿಂದ ವಿದ್ಯೆ ಕಲಿತು ಬಂದಿದ್ದಳು. ಹೊಸ ಮೀನು ಬಿಡುವ ದಿನ ಹಳಬರಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಕು, ದೀಪ ಆರಿಸಬೇಕು, ಕಲ್ಲುಗಳನ್ನೆಲ್ಲ ಅದಲುಬದಲು ಮಾಡಬೇಕು. ಆಗ ಯಾವ ಮೂಲೆ ಯಾರದ್ದೆಂದು ಯಾರಿಗೂ ನೆನಪಿರುವುದಿಲ್ಲವಂತೆ. ಅಷ್ಟಾದರೂ ಇಬ್ಬರು ಕಚ್ಚಾಡಿದರೆ ಅವರಿಬ್ಬರಿಗಿಂತ ದೊಡ್ಡದೊಂದನ್ನು ತಂದು ಬಿಡಬೇಕು. “ದೊಡ್ಡದು ಬಂದ್ರೆ ಚಿಕ್ಕವು ತಾವೇ ಒಂದಾಗ್ತವಮ್ಮ” ಎಂದನಂತೆ ಆ ಪುಣ್ಯಾತ್ಮ. ಆಸ್ಕರ್‌ಗಳ ಜಗಳ ಬಿಡಿಸಲು ತಾವು ಬಂದದ್ದು ಹಾಗೆ, ಮತ್ತು ಅಂದಿನಿಂದ ಆ ಇಬ್ಬರೂ ಮಣ್ಣಿನ ಕುಡಿಕೆಯ ಹಿಂದೆ ಹೆಗಲಿಗೆ ಹೆಗಲು ಕೊಟ್ಟು ನಡುಗುತ್ತಿರುವುದನ್ನು ನಾನೇ ಕಣ್ಣಾರೆ ನೋಡುತ್ತಿದ್ದೇನೆ. ತಮ್ಮ ಆಡಳಿತ ದಕ್ಷತೆಗೆ ನನ್ನ ಅಭಿನಂದನೆಗಳು.

ದೂರು ಶುರುವಾಗುವುದು ಇಲ್ಲಿಂದ. ಕಳೆದ ತಿಂಗಳು ಒಂದು ಮಧ್ಯಾಹ್ನ ನನ್ನ ಹೆಂಡತಿ ನನಗೆ ಇಷ್ಟವಾದದ್ದನ್ನೇ ಅಡುಗೆ ಮಾಡಿ, ಸಾಕು ಸಾಕೆಂದರೂ ಬಿಡದೆ ಮೂರನೆಯ ಸಲ ಬಡಿಸಿ, ಕೋಣೆಯ ಪರದೆ ಎಳೆದು, “ಸ್ವಲ್ಪ ಮಲ್ಕೊಳ್ರೀ, ಪಾಪ, ಎಷ್ಟು ದುಡೀತೀರ” ಎಂದಳು. ಎಲಾ, ನನ್ನ ಅದೃಷ್ಟ ಖುಲಾಯಿಸಿತು ಎಂದುಕೊಂಡು ಮಲಗಿದೆ. ಎದ್ದು ನೋಡಿದರೆ ಬೀರು ಇದ್ದಲ್ಲಿ ಸೋಫಾ, ಸೋಫಾ ಇದ್ದಲ್ಲಿ ಮಂಚ, ನನ್ನ ಮೇಜು ಓಣಿಯಲ್ಲಿ. ಕಿಟಕಿಯ ಪಕ್ಕ ನನ್ನ ಷಡ್ಡಕ, ಅಂದರೆ ಅವಳ ತಂಗಿಯ ಗಂಡ, ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುವವನು, ಕಾಲು ಚಾಚಿ ಕೂತಿದ್ದಾನೆ. ಅವರ ಮನೆಯ ತಾರಸಿ ರಿಪೇರಿಯಂತೆ, ಮುಗಿಯುವವರೆಗೆ ಗಂಡಹೆಂಡತಿ ಇಬ್ಬರೂ ಇಲ್ಲೇ ಅಂತೆ. “ಅಣ್ಣಾ, ಇಲ್ಲಿ ಗಾಳಿ ಚೆನ್ನಾಗಿದೆ” ಎಂದ. ನಾನು ಓಣಿಯಲ್ಲಿ ನಿಂತು, ನನ್ನ ಜಾಗ ಯಾವುದೆಂದು ಒಂದು ಗಳಿಗೆ ನಿಜವಾಗಿಯೂ ಮರೆತುಬಿಟ್ಟಿದ್ದೆ. ಮಾನ್ಯರೇ, ಆ ವಿದ್ಯೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಆಮೇಲೆ ನೆನಪಾಯಿತು. ಅಂದಿನಿಂದ ಅವನು ಸರಾಗವಾಗಿ ಊದತೊಡಗಿದರೆ ನಾನು ಕಟ್ಟಿದ ಹಲ್ಲನ್ನು ಉಜ್ಜಿ ನಯಮಾಡುವ ಮೋಟಾರು ಹಾಕುತ್ತಿದ್ದೆ. ನಾನು ಸೂಕ್ಷ್ಮ ಕೆಲಸಕ್ಕೆ ಕೂತರೆ ಅವನು ಕಿವಿ ಹರಿಯುವ ಸ್ವರವನ್ನೇ ಹುಡುಕುತ್ತಿದ್ದ. ಮೊನ್ನೆ ಅಕ್ಕತಂಗಿಯರಿಬ್ಬರೂ ಅಂಗಡಿಗೆ ಹೋದಾಗ ನಾನು ಮೇಜನ್ನು ಕಿಟಕಿಯತ್ತ ಎಳೆದೆ, ಅವನು ಓಣಿಯತ್ತ ಎಳೆದ, ನಡುವೆ ಸರಿಪಡಿಸಲು ಬಂದು ಮೇಜಿನ ಮೇಲಿದ್ದ ಹೆಡ್ಮಾಸ್ತರರೊಬ್ಬರ ಕೆಳದವಡೆಯ ಹಲ್ಲಿನ ಸೆಟ್ಟು ಹಾರಿ, ಮುಚ್ಚಳ ತೆರೆದಿದ್ದ ತಮ್ಮ ತೊಟ್ಟಿಯೊಳಗೆ ಬಿತ್ತು. ತಾವು ಅದನ್ನು ಬಾಯಲ್ಲಿ ಕಚ್ಚಿ ಒಯ್ದು, ಚಪ್ಪಟೆ ಕಲ್ಲಿನ ಕೆಳಗಿಟ್ಟು, ಮೇಲೆ ಕಾವಲು ಕೂತಿರಿ. ಮರುದಿನ ಭಾಷಣ ಮಾಡಬೇಕಿದ್ದ ಹೆಡ್ಮಾಸ್ತರರು ಫೋನು ಮಾಡಿ ಏನೇನೋ ಬೈದರು. ಏನೆಂದು ತಿಳಿಯಲಿಲ್ಲ, ಏಕೆಂದರೆ ಹಲ್ಲು ತಮ್ಮ ಬಳಿಯಿತ್ತು.

ನನ್ನ ಷಡ್ಡಕ ಮೊದಲು ತಮ್ಮ ಮುಂದೆ ಕ್ಲಾರಿನೆಟ್ ಊದಿ ನೋಡಿದ. ಕ್ಯಾಟ್‌ಫಿಶ್ ಹಿರಿಯರು ಮಗ್ಗಲು ಬದಲಿಸಿದರೇ ಹೊರತು ತಾವು ಕದಲಲಿಲ್ಲ. ಕೊನೆಗೆ ಅವನು ಊಟದ ತಟ್ಟೆಯೊಂದನ್ನು ನೀರಿಗಿಳಿಸಿ ತಮ್ಮನ್ನು ತಡೆದ, ನಾನು ಕಲ್ಲಿನ ಕೆಳಗೆ ಕೈ ಹಾಕಿದೆ, ತಾವು ತಟ್ಟೆಯನ್ನು ಸುತ್ತಿ ಬಂದು ಅವನ ಬೆರಳಿಗೆ ಬಾಯಿ ಹಾಕಿದಿರಿ. “ಅಯ್ಯಯ್ಯೋ, ಬೇಗ ತೆಗೀರಣ್ಣಾ” ಎಂದು ಕೂಗಿದನೇ ವಿನಾ ತಟ್ಟೆ ಬಿಡಲಿಲ್ಲ, ಮಹಾರಾಯ. ಊದುವವನಿಗೆ ಬೆರಳೇ ಬದುಕು. ಪಟ್ಟಿ ಕಟ್ಟುವಾಗ ನನಗೆ ಅವನ ಮೇಲೆ ಪ್ರೀತಿಯೇ ಬಂತು. ಬೆಳಗಿನ ಬೆಳಕು ನನಗೆ, ಸಂಜೆಯ ಗಾಳಿ ಅವನಿಗೆ ಎಂದು ಮಾತಾಗಿ, ಇಬ್ಬರೂ ಸೇರಿ ಮೇಜನ್ನು ಕಿಟಕಿಗೆ ತಂದೆವು. ಹೆಡ್ಮಾಸ್ತರರು ಕೂಡ ಹಲ್ಲು ಹಿಂದೆಂದೂ ಇಷ್ಟು ಚೆನ್ನಾಗಿ ಕೂತಿರಲಿಲ್ಲವೆಂದು ಹೊಗಳಿದರು. ಆ ಶ್ರೇಯಸ್ಸು ತಮ್ಮದು.

ಆದರೆ ಮಾನ್ಯರೇ, ಅಂದು ಅಂಗಡಿಯಿಂದ ಮನೆಗೆ ಬಂದ ನನ್ನ ಹೆಂಡತಿ ಪಟ್ಟಿ ಬಿಚ್ಚಿಸಿ ಹಲ್ಲಿನ ಗುರುತು ನೋಡಿದಳು, ನನ್ನ ಮುಖ ನೋಡಿದಳು. “ಥೂ! ಹಲ್ಲು ಕಟ್ಟೋರು ಅಂತ ಸಿಕ್ಕಿದವರ ಮೇಲೆಲ್ಲ ಹಲ್ಲು ಊರೋದಾ?” ಎಂದಳು. ಕಚ್ಚಿದ್ದು ಮೀನು ಎಂದು ಷಡ್ಡಕನೇ ಆಣೆಯಿಟ್ಟು ಹೇಳಿದರೂ ಅವಳು ಕೇಳಲಿಲ್ಲ: “ಸುಮ್ನಿರಿ, ಯಜಮಾನ್ರು ಹಂಗೆಲ್ಲ ಕಚ್ಚೋರಲ್ಲ.” ಅನಂತರ ಅಡುಗೆಮನೆಯಿಂದ ತಂಗಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಇವ್ರಿಬ್ರಿಗೂ ದೊಡ್ಡದೊಂದು ಬೇಕು ಕಣೆ. ಭಾನುವಾರ ಅಮ್ಮನ್ನ ಕರೆಸೋಣ.” ನಮ್ಮ ಅತ್ತೆಯವರು ಎಲ್ಲಿ ಕೂರುತ್ತಾರೋ ಆ ಜಾಗ ಅವರದ್ದು, ಮತ್ತು ಅವರಿಗೆ ಹೆಣಿಗೆ ಹಾಕಲು ಕಿಟಕಿಯ ಬೆಳಕು ಬೇಕು. ದಕ್ಕಿದ ಕಿಟಕಿ ಕೈ ತಪ್ಪುವುದರಲ್ಲಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಏನೆಂದರೆ, ನಾನು ದಾರಕ್ಕೆ ಕಟ್ಟಿ ಇಳಿಬಿಡುವ ಗುಲಾಬಿ ಮೇಣದ ಹಾಳೆಯನ್ನು ತಾವು ದಯಮಾಡಿ ಒಮ್ಮೆ, ಸ್ವಲ್ಪವೂ ಸಂಕೋಚವಿಲ್ಲದೆ, ಗಟ್ಟಿಯಾಗಿ ಕಚ್ಚಿಕೊಡಬೇಕು. ಆ ಅಚ್ಚನ್ನೂ ಷಡ್ಡಕನ ಬೆರಳನ್ನೂ ಪಕ್ಕಪಕ್ಕ ಇಟ್ಟು ನನ್ನ ನಿರಪರಾಧಿತ್ವವನ್ನು ಸಾಬೀತುಮಾಡಿ, ಭಾನುವಾರದೊಳಗೆ ಅತ್ತೆಯವರ ಪ್ರಯಾಣವನ್ನು ರದ್ದುಪಡಿಸುತ್ತೇನೆ. ತಮಗೆ ಬಿಡುವಿಲ್ಲದಿದ್ದರೆ ತಾವು ಮೇಲೆ ಬಂದು ಅತ್ತೆಯವರೊಂದಿಗೆ ನಡುಮನೆಯನ್ನು ಹಂಚಿಕೊಳ್ಳಿ, ನಾನೂ ಷಡ್ಡಕನೂ ಒಳಗೆ ಇಳಿಯುತ್ತೇವೆ. ಕಾಲು ಮಡಿಸಿಕೊಂಡರೆ ಹಿಡಿಸುತ್ತೇವೆ. ಅಲ್ಲಿ ನನ್ನವಳು ಗಾಜಿನ ಮುಂದೆ ಕೂತು, ದಿನಕ್ಕೆ ಎರಡು ಸಲ ನಮ್ಮನ್ನೂ ನೋಡಿದರೆ ಸಾಕು.

ತಮ್ಮ ವಿಶ್ವಾಸಿ,
ಈ ಮನೆಯ ಮಾಜಿ ಯಜಮಾನ

ತಾ.ಕ.: ಮೇಣವನ್ನು ತಾವು ಕಚ್ಚದೆ ನುಂಗಿದ್ದೀರಿ. ಇರಲಿ. ಇಂದು ಭಾನುವಾರ, ನನಗೂ ಷಡ್ಡಕನಿಗೂ ಮೂರನೆಯ ಸಲ ಬಡಿಸಿದ್ದಾಳೆ, ಪರದೆ ಎಳೆದಿದ್ದಾಳೆ. ಆದರೆ ತಮಗೂ ಎಂದಿಗಿಂತ ಎರಡು ಹಿಡಿ ಹೆಚ್ಚು ಕಾಳು ಹಾಕಿ, ತೊಟ್ಟಿಯ ದೀಪ ಆರಿಸಿದ್ದಾಳೆಂಬುದನ್ನು ತಾವು ಗಮನಿಸಿದಿರೋ ಇಲ್ಲವೋ. ಈಗಷ್ಟೇ ಬಾಗಿಲಲ್ಲಿ ಗಾಡಿ ನಿಂತಿತು. ಅತ್ತೆಯವರ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ನೀರು ತುಂಬಿದ ದೊಡ್ಡ ಪ್ಲಾಸ್ಟಿಕ್ ಚೀಲ. ಅದರೊಳಗಿರುವವರು ತಮಗಿಂತ ಒಂದು ಗೇಣು ಉದ್ದವಿದ್ದಾರೆ. ಕುಡಿಕೆಯ ಹಿಂದೆ ಜಾಗ ಉಳಿದಿದೆಯೇ ಎಂದು ಆಸ್ಕರ್‌ಗಳನ್ನು ಈಗಲೇ ಕೇಳಿಟ್ಟುಕೊಳ್ಳಿ.