ಮೇಲಿನಿಂದ ಆದೇಶ ಬರಬೇಕು

ಕಾಲುವೆ ಕೆಲಸಕ್ಕೆ ಸೇರಿದವನಿಗೆ ಇಂಥ ಫಜೀತಿಗಳು ತಪ್ಪಿದ್ದಲ್ಲ. ಒಂದನ್ನು ದಾಟಿದೆ ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನಮ್ಮ ಕಾಲುವೆ ಸರಕಾರದ್ದು, ನಡೆಸುವುದು ನಿಗಮ. ನಿಗಮದ ಕಚೇರಿ ಘಟ್ಟದ ಮೇಲೆ, ದೂರದ ಊರಲ್ಲಿ. ಅಲ್ಲಿ ಅಧ್ಯಕ್ಷರು, ನಿರ್ದೇಶಕರು, ಲಿಫ್ಟು ಎಲ್ಲ ಇವೆ. ಗುಲ್ವಾಡಿ ಕಡೆಯ ಈ ದಂಡೆಯಲ್ಲಿ ನಿಗಮ ಎಂದರೆ ನಾನೊಬ್ಬನೇ, ಜೊತೆಗೊಂದು ಕೋಣೆ, ಒಂದು ಗೇಟು, ಒಂದು ಫೋನು.

ನಾನು ಚಿತ್ರದುರ್ಗದ ಕಡೆಯವನು, ಮದುವೆಯಾಗಿಲ್ಲ, ಇಲ್ಲಿ ನನ್ನವರೆಂದು ಯಾರೂ ಇಲ್ಲ. ಫೋನೇನೋ ದಿನವಿಡೀ ಬಡಿದುಕೊಳ್ಳುತ್ತಿತ್ತು. ಆದರೆ ಕರೆಯೆಲ್ಲ ನೀರಿಗೆ, ನನಗಲ್ಲ. ನೀರಿನ ಮಾತಿಲ್ಲದ ಒಂದೇ ಒಂದು ಕರೆ ಬರಲಿ ಎಂದು ನಿಜವಾಗಿಯೂ ಆಸೆಪಡುತ್ತಿದ್ದೆ.

ಎದುರು ದಂಡೆಯಮ್ಮ

ದಿನದ ಮೊದಲ ಕರೆ ಎದುರು ದಂಡೆಯ ಗದ್ದೆಯ ಯಜಮಾನಿಯದು. ಅವರ ಅಡುಗೆಮನೆ ಕಿಟಕಿಗೆ ನನ್ನ ಗೇಟು ಕಾಣುತ್ತದೆ.

"ಹ್ವಾಯ್, ನೀರ್ ಬಪ್ಪುದ್ ಯಾವಾಗ?"

"ಮೇಲಿನಿಂದ ಆದೇಶ ಬರಬೇಕಮ್ಮ."

"ಮೇಲಿಂದ ಅಂದ್ರೆ? ಆಕಾಶದಿಂದ್ವಾ?"

ಇದು ನಮ್ಮಿಬ್ಬರ ಸುಪ್ರಭಾತ. ಒಂದು ದಿನ ನನಗೆ ಜ್ವರ ಬಂದು ಗಂಟಲು ಕಟ್ಟಿತ್ತು. "ಎಂತ ಆಯ್ತ್, ಸ್ವರವೇ ಇಲ್ಲ?" ಎಂದರು. ಅಷ್ಟು ಕೇಳಿದ್ದೇ ನನ್ನ ಕಣ್ಣು ತುಂಬಿತು. ತಿಂಗಳುಗಳಿಂದ ಯಾರೂ ನನ್ನ ಸ್ವರ ವಿಚಾರಿಸಿರಲಿಲ್ಲ. "ಜ್ವರ ಅಮ್ಮ, ಏಳೋಕಾಗ್ತಿಲ್ಲ" ಎಂದೆ.

"ಅಯ್ಯೋ ದೇವ್ರೇ," ಎಂದು ಮರುಗಿದರು. "ಹಂಗಾರೆ ಗೇಟ್ ತೆಗೂದ್ ಯಾರ್?"

ಎಂಟು ಗಂಟೆಯ ಸೋಮವಾರ

ಕೊನೆಗೂ ಆದೇಶ ಬಂತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಗೇಟು ತೆಗೆಯತಕ್ಕದ್ದು, ಫೋಟೋ ಕಳಿಸತಕ್ಕದ್ದು. ಸುದ್ದಿ ಕೇಳಿ ನೀರು ಬಳಕೆದಾರರ ಸಂಘದ ಹಿರಿಯರು ಬಂದರು.

"ಸೋಮವಾರ ಎಂಟಕ್ಕೆ ರಾಹುಕಾಲ ಅಲ್ದಾ ಮಾರ್ರೆ? ಒಂಬತ್ತ್ ಕಳಿಲಿ."

ಮೇಲಧಿಕಾರಿಗೆ ಫೋನು ಮಾಡಿದೆ. ನಿಗಮಕ್ಕೆ ರಾಹುಕಾಲ ಅನ್ವಯಿಸುವುದಿಲ್ಲ ಎಂದರು. ಇತ್ತ ದರಿ ಅತ್ತ ಪುಲಿ. ಎಂಟಕ್ಕೆ ಗೇಟಿನ ಚಕ್ರ ಹಿಡಿದು ನಿಂತು ಫೋಟೋ ಕಳಿಸಿದೆ, ತಿರುಗಿಸಲಿಲ್ಲ. ಒಂಬತ್ತು ಕಳೆದ ಮೇಲೆ ಕಾಯಿ ಒಡೆದು ಗೇಟು ತೆಗೆದೆವು. ಗೇಟಿಗೆ ಹೂವು ಮುಡಿಸಿದರು, ನೀರಿಗೆ ಕೈಮುಗಿದರು, ಕಾಯಿಹೋಳು ಹಂಚಿಕೊಂಡು ನೀರಿನ ಜೊತೆಯೇ ನಡೆದುಬಿಟ್ಟರು. ದಂಡೆಯಲ್ಲಿ ಉಳಿದದ್ದು ನಾನು ಮತ್ತು ಕಾಯಿಯ ಜುಟ್ಟು.

ಮರುದಿನ ಮಧ್ಯಾಹ್ನ ಬ್ರಹ್ಮಾವರದ ಕಡೆಯಿಂದ, ಕಾಲುವೆಯ ಕೊಟ್ಟಕೊನೆಯ ರೈತರೊಬ್ಬರ ಫೋನು. "ಹ್ವಾಯ್, ನೀರ್ ಬಂತ್. ಆರೆ ಇಲ್ಲಿಗ್ ಮುಟ್ಟುವತಿಗೆ ಮಂಗಳವಾರದ್ ರಾಹುಕಾಲ. ಗದ್ದಿಗ್ ಬಿಡುದಾ, ಬ್ಯಾಡ್ದಾ?"

ಮೇಲಿನಿಂದ ಆದೇಶ ಬರಬೇಕು ಎಂದುಬಿಟ್ಟೆ.

ನೀರುಗಳ್ಳರು

ಆಮೇಲೆ ಮಳೆಗಾಲ ಬಂತು. ಇಲ್ಲಿ ಮಳೆಗಾಲದಲ್ಲಿ ಕಾಲುವೆ ಯಾರಿಗೂ ಬೇಡ, ಗೇಟು ಮುಚ್ಚಿಯೇ ಇರುತ್ತದೆ. ಆದರೆ ನಿಗಮದ ಸುತ್ತೋಲೆಗೆ ಇಡೀ ರಾಜ್ಯವೇ ಬಯಲುಸೀಮೆ. "ನೀರಿನ ಕಳ್ಳತನ ಹೆಚ್ಚುತ್ತಿದ್ದು, ಪ್ರತಿಯೊಬ್ಬ ರೈತನನ್ನೂ ಖುದ್ದಾಗಿ ಎಚ್ಚರಿಸುವುದು" ಎಂದು ಬಂತು. ಅಂದು ಬೈಂದೂರಿನ ಕಡೆಯ ಬಸ್ಸೂ ನಿಂತುಹೋಗುವಂಥ ಮಳೆ. ನನಗೂ ಮನುಷ್ಯರ ಮುಖ ನೋಡಬೇಕಿತ್ತು, ಕೊಡೆ ಹಿಡಿದು ಹೊರಟೆ.

ಸಿಕ್ಕಿದವರು ಒಬ್ಬರೇ ರೈತರು, ತಮ್ಮ ಗದ್ದೆಯಲ್ಲಿ ಸೊಂಟದ ತನಕ ಮುಳುಗಿ, ನೀರು ಹೊರಹೋಗಲೆಂದು ಗದ್ದೆಯ ಬದುವಿನ ಕಂಟ ಬಿಡಿಸುತ್ತಿದ್ದರು. ಅಂಚಿನಲ್ಲಿ ನಿಂತು ಸುತ್ತೋಲೆ ಓದಿದೆ. ಪಾಪ, ಪೂರ್ತಿ ಕೇಳಿದರು.

"ಸರ್, ಆ ಕಳ್ಳರ್ ಸಿಕ್ರೆ, ನಮ್ ಗದ್ದಿದೂ ಚೂರ್ ತಕಂಡ್ ಹೋಪುಕ್ ಹೇಳಿ."

ದೂರು ಸಂಖ್ಯೆ

ಆಮೇಲೆ ಫೋನು ಪೂರ್ತಿ ಮೂಕವಾಯಿತು. ನೀರು ಬೇಡವಾದ ಮೇಲೆ ನಾನೂ ಬೇಡವಾದೆ. ಎದುರು ದಂಡೆಯಮ್ಮನ ಬೈಗುಳವೂ ಇಲ್ಲ. ಗಂಜಿ ಬೇಯಿಸಿಕೊಂಡು, ಗೇಟಿನ ಜೊತೆ ಎರಡು ಮಾತಾಡಿ ಮಲಗುವುದು. ಹೊಟ್ಟೆಯೊಳಗೆ ಏನೋ ಖಾಲಿ, ಗಂಜಿ ಉಂಡರೂ ತುಂಬದು.

ಒಂದು ಸಂಜೆ ಫೋನೇ ಕೆಟ್ಟಿದೆಯೋ ಎಂಬ ಅನುಮಾನ ಬಂತು. ನಿಗಮದ ದೂರು ಸಂಖ್ಯೆಗೆ ಕರೆ ಮಾಡಿದೆ, ಯಾರ ದನಿಯಾದರೂ ಆದೀತು ಎಂದು. "ನೀವು ಕರೆ ಮಾಡಿದವರು ಬೇರೊಬ್ಬರೊಂದಿಗೆ ಮಾತನಾಡುತ್ತಿದ್ದಾರೆ" ಎಂದಿತು. ಎಷ್ಟು ಸಲ ಮಾಡಿದರೂ ಅದೇ. ಪುಣ್ಯವಂತರು, ಮಾತಾಡಲು ಜನ ಇದ್ದಾರಲ್ಲ ಎಂದು ಕರುಬಿದೆ.

ಆಮೇಲೆ ನೆನಪಾಯಿತು, ನಮ್ಮ ಭಾಗದ ದೂರೆಲ್ಲ ಬಂದು ಬೀಳುವುದು ನನ್ನ ಫೋನಿಗೇ.

ಹೊಸ್ತು

ಮಳೆ ಇಳಿದು ಭತ್ತದ ತೆನೆ ಬಲಿತಾಗ ಇಲ್ಲಿ ಹೊಸ್ತು, ಹೊಸ ಅಕ್ಕಿ ಉಣ್ಣುವ ಹಬ್ಬ. ಬಾಗಿಲು, ಬಾವಿ, ನೇಗಿಲು, ಬೈಕು, ಅನ್ನ ಕೊಡುವ ಎಲ್ಲದಕ್ಕೂ ಎಲೆ ಸೇರಿಸಿ ಕದಿರು, ಅಂದರೆ ಹೊಸ ತೆನೆ, ಕಟ್ಟುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಗೇಟಿನ ಚಕ್ರಕ್ಕೂ ಯಾರೋ ಕಟ್ಟಿ ಹೋಗಿದ್ದರು. ನನ್ನ ಕೋಣೆಯ ಬಾಗಿಲು ಮಾತ್ರ ಬೋಳು. ಕಬ್ಬಿಣಕ್ಕಿರುವ ಬಂಧುಬಳಗ ನನಗಿಲ್ಲವಲ್ಲ ಎಂದು ಸಂಕಟವಾಯಿತು.

ಆಗ ಫೋನು ಬಡಿದುಕೊಂಡಿತು. ಎದುರು ದಂಡೆಯಮ್ಮ. ನಾಲಿಗೆ ರೂಢಿಯಂತೆ ಓಡಿತು. "ಅಮ್ಮ, ನೀರು ಬಿಡೋಕೆ ಮೇಲಿನಿಂದ ಆದೇಶ..."

"ನಿನ್ ನೀರ್ ಯಾರಿಗ್ ಬೇಕ್? ಎಲಿ ಹಾಕಿತ್. ಉಂಬುಕ್ ಬಾ."

"ನಾನಾ?"

"ಮತ್ಯಾರ್? ಗೇಟಿಗ್ ನಾನ್ ಕಟ್ಟಿದೆ. ಮನಿ ಬಾಗ್ಲಿಗ್ ಮನಿಯರೇ ಕಟ್ಕ್. ನಿಂದೂ ಕದಿರ್ ತೆಗ್ದಿಟ್ಟಿದೆ, ಬಂದ್ ತಕಂಡ್ ಹೋಗ್."

ಕಾಲುವೆಯ ಕಾಲುಸಂಕ ದಾಟಿ ಓಡಿದೆ. ಪಂಕ್ತಿಯಲ್ಲಿ ಒಬ್ಬೊಬ್ಬರೂ ಎಲ್ಲರಿಗೂ ಕೇಳುವಂತೆ "ಹೊಸ್ತ್ ಉಂತೆ" ಎನ್ನಬೇಕು, ಉಳಿದವರು "ಉಣ್" ಎನ್ನಬೇಕು. ಒಂಟಿಯಾಗಿ ಉಣ್ಣುವ ಊಟವೇ ಅಲ್ಲ ಅದು. ನನ್ನ ಸರದಿ ಬಂದಾಗ ಹೇಳಿದೆ. ಇಡೀ ಪಂಕ್ತಿ "ಉಣ್" ಎಂದಿತು. ಮೊದಲ ತುತ್ತೇ ಗಂಟಲಲ್ಲಿ ಸಿಕ್ಕಿಕೊಂಡಿತು. ಬಿಕ್ಕಳಿಸುತ್ತಾ, "ಅಮ್ಮ, ನೀರು..." ಎಂದೆ.

ಅಮ್ಮ ಚೆಂಬು ಹಿಡಿದು ಎದುರೇ ನಿಂತಿದ್ದರು. ಬಗ್ಗಲಿಲ್ಲ.

"ಮೇಲಿಂದ ಆದೇಶ ಬರ್ಕ್," ಎಂದರು.

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಬಿಕ್ಕಳಿಕೆಯ ನಡುವೆಯೇ ನಕ್ಕೆ, ಕಣ್ಣಲ್ಲಿ ನೀರು ಬಂತು. ಅವರು ತಲೆಯೆತ್ತಿ ಹಂಚಿನ ಮಾಡನ್ನು ಸ್ವಲ್ಪ ಹೊತ್ತು ನೋಡಿ, "ಹಾಂ, ಬಂತ್," ಎಂದು ಲೋಟಕ್ಕೆ ನೀರು ಹೊಯ್ದರು.