ಆನೆಯ ಕೊಡೆ ಯಾವ ಬಣ್ಣ?

"ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂರಲ್ಲಿ ಎಲ್ಲಿ ಅಡಗಿದ್ದರೂ ಸರಿ, ಆ ಪುಸ್ತಕವನ್ನು ಕಿವಿ ಹಿಡಿದು ಎಳೆದು ತರುತ್ತೇನೆ!"

೧೯೮೪ರ ಒಂದು ಭಾನುವಾರ ನಾನು, ಓಂಕಾರಮೂರ್ತಿ, ತರೀಕೆರೆಯ ನಮ್ಮ ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದೆ. ಕೇಳಿಸಿಕೊಂಡವಳು ಹೆಂಡತಿ ತೀರ್ಥಮ್ಮ ಒಬ್ಬಳೇ.

"ಪುಸ್ತಕದ ಹೆಸರೇನು?"

"ಮರೆತಿದೆ."

"ಬರೆದೋರು?"

"ಗೊತ್ತಿಲ್ಲ."

"ಮತ್ತೇನು ಗೊತ್ತು?"

"ಒಂದು ಆನೆ ರೈಲಿಗೆ ಕಾಯ್ತಾ ನಿಂತಿರುತ್ತೆ ಕಣೇ. ಸೊಂಡಿಲಲ್ಲಿ ಕೊಡೆ. ಕೆಂಪು ಕೊಡೆ!"

"ಸಿಕ್ಕಿದ ಹಾಗೇ ಬಿಡಿ," ಎಂದು ಅವಳು ಸಾರಿಗೆ ಒಗ್ಗರಣೆ ಹಾಕಲು ಹೋದಳು.

ವಿಷಯ ಇಷ್ಟು. ಅಜ್ಜಂಪುರದ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ನಾನೂ ಮಹಬೂಬನೂ ಸಮಸಮ ಮೊದಲು ಬಂದೆವು. ಬಹುಮಾನದ ಪುಸ್ತಕ ಮಾತ್ರ ಒಂದೇ! ಒಂದು ವಾರ ಅವನ ಮನೆ, ಒಂದು ವಾರ ಇವನ ಮನೆ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಎರಡು ವರ್ಷ ಹಾಗೆ ಓಡಾಡಿದ ಪುಸ್ತಕ ಒಂದು ದಿನ ಮಾಯ. "ನಿನ್ನ ಹತ್ರಾನೇ ಇದೆ" ಎಂದು ನಾನು, "ನಿನ್ನ ಹತ್ರಾನೇ" ಎಂದು ಅವನು. ಸಾಲದ್ದಕ್ಕೆ ಕೊಡೆ ಕೆಂಪು ಎಂದು ನಾನು, ಹಸಿರು ಎಂದು ಅವನು. ಈ ಮಹಾಯುದ್ಧ ಮೂವತ್ತು ವರ್ಷ ನಡೆಯಿತು.

ಹೋದ ತಿಂಗಳು ಮಹಬೂಬ್ ತೀರಿಕೊಂಡ. ವಾದ ಮುಗಿಯುವ ಮೊದಲೇ ಎದ್ದು ಹೋಗುವುದು ಅವನ ಹಳೇ ಚಾಳಿ. ನಲವತ್ತನೇ ದಿನದ ಫಾತಿಹಾಕ್ಕೆ ಹೋದಾಗ ಅವನ ಹೆಂಡತಿ ಹಜೀರಾಬಿಯ ಮುಂದೆ ಆ ಕೆಂಪು ಕೊಡೆಯ ಪುಟ ತೆರೆದಿಟ್ಟು ಗೆದ್ದೆ ಅನ್ನಬೇಕು. ಅಳುವುದಿದ್ದರೆ ಆಮೇಲೆ ಅಳಬಹುದು. ಉಳಿದದ್ದು ಒಂಬತ್ತೇ ದಿನ.

ಮೊದಲ ದಂಡಯಾತ್ರೆ ಕಡೂರಿಗೆ. ಹಳೇ ಪೇಪರ್ ಅಂಗಡಿಯ ರಂಗಪ್ಪನ ರಾಶಿಯ ಬುಡದಿಂದ ಒಂದು ಪುಸ್ತಕ ಎಳೆದೆ. ರಾಶಿಗೆ ರಾಶಿಯೇ ನನ್ನ ಮೇಲೆ ಕುಸಿಯಿತು. ಕಾಲು ಹಿಡಿದು ಹೊರಗೆಳೆದ ರಂಗಪ್ಪ, "ಆನೆ ತಾನೇ ಸಾ ಬೇಕಾಗಿರೋದು? ಈ ಕ್ಯಾಲೆಂಡರ್ ತಗೊಂಡೋಗಿ, ಸಾಕ್ಷಾತ್ ಗಣಪತೀನೇ ಅವ್ನೆ!" ಎಂದ.

ಮುಂದೆ ಅಜ್ಜಂಪುರ. ಶಾಲೆಯ ಬೀರುವಿನ ಬಾಗಿಲು ಜಗ್ಗಿದೆ. ಬಾಗಿಲು ಬರಲಿಲ್ಲ, ಬೀರುವೇ ಬಂದು ನನ್ನನ್ನು ತಬ್ಬಿಕೊಂಡಿತು! ಒಳಗಿದ್ದದ್ದು ಒಂದು ಗ್ಲೋಬು, ಅದನ್ನು ಅರ್ಧ ತಿಂದ ಗೆದ್ದಲು.

ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು ಎಂಟನೇ ದಿನ ನಮ್ಮ ಮನೆಯ ಅಟ್ಟಕ್ಕೇ ಲಗ್ಗೆ ಹಾಕಿದೆ. ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ನಾನು.

"ಬೀಳ್ತೀರಿ ಕಣ್ರೀ!"

"ನಾನಾ?" ಎಂದೆ. ನಾನು ಬೀಳಲಿಲ್ಲ. ಅಟ್ಟದ ಟ್ರಂಕು ಜಾರಿತು. ಜಾರಿ, ಗೋಡೆಯಲ್ಲಿದ್ದ ನಮ್ಮ ಮದುವೆ ಫೋಟೋವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಫಳಾರ್!

ಆ ಫೋಟೋಗೆ ಕಟ್ಟು ಹಾಕಿದವನು ಮಹಬೂಬ್. ತರೀಕೆರೆ ಬಸ್‌ಸ್ಟ್ಯಾಂಡಿನ ಪಕ್ಕ ಅವನದು ಫ್ರೇಮಿನ ಅಂಗಡಿ. ಮದುವೆಯ ಉಡುಗೊರೆ ಎಂದು ತಂದು ತಾನೇ ಮೊಳೆ ಹೊಡೆದು ತಗುಲಿಹಾಕಿದ್ದ. ಆಮೇಲೆ ಹದಿನೆಂಟು ವರ್ಷ, ಮನೆಗೆ ಬಂದಾಗಲೆಲ್ಲ ಒಂದೇ ರಾಗ: "ಲೇ ಓಂಕಾರಿ, ಆ ಫೋಟೋ ಇಳಿಸಿ ಒಂದ್ಸಲ ಧೂಳು ಒರ್ಸೋ." ಅಂಗಡಿಯವನ ಜಂಬ ಅಂದುಕೊಂಡಿದ್ದೆ. ಹಾಸಿಗೆ ಹಿಡಿದಾಗಲೂ, ಕೊನೆಯ ಸಲ ನೋಡಲು ಹೋದ ದಿನ, "ಧೂಳು ಒರೆಸಿದ್ಯೇನೋ?" ಎಂದ. "ಒರೆಸ್ತೀನಿ ಮಲಕ್ಕೋ" ಎಂದೆ. ಒರೆಸಲಿಲ್ಲ.

ಗಾಜಿನ ಚೂರುಗಳ ನಡುವೆ ಫೋಟೋ ಮಗುಚಿ ಬಿದ್ದಿತ್ತು. ಬೆನ್ನಿಗೆ ಅಂಟಿಸಿದ ಕಂದು ಕಾಗದದ ಮೇಲೆ ಪೆನ್ಸಿಲ್ಲಿನ ಅಕ್ಷರ: "ಧೂಳು ಒರೆಸಿದ್ದಕ್ಕೆ ಬಹುಮಾನ. ಬಿಚ್ಚಿ ನೋಡು."

ಬಿಚ್ಚಿದೆ. ಫೋಟೋ ಮತ್ತು ರಟ್ಟಿನ ನಡುವೆ, ಒಂದು ಪುಟವೂ ಹರಿಯದೆ, ನಮ್ಮ ಪುಸ್ತಕ! ಒಳಗೆ ಮೇಷ್ಟ್ರ ಕೈಬರಹದಲ್ಲಿ ಎರಡು ಹೆಸರು, ಮುಂದಿನ ಪುಟದಲ್ಲಿ ರೈಲಿಗೆ ಕಾಯುವ ಆನೆ.

"ಸಿಕ್ತು ಕಣೇ! ಸಿಕ್ಕೇ ಸಿಕ್ತು!" ಎಂದು ಗಾಜಿನ ನಡುವೆಯೇ ಕುಣಿದೆ.

ತೀರ್ಥಮ್ಮ ಬಗ್ಗಿ ನೋಡಿದಳು. "ಕೊಡೆ ಹಸಿರಲ್ವೇನ್ರೀ?"

ಗಿಣಿಯಷ್ಟು ಹಸಿರು.

ಮಾರನೇ ದಿನ ತೀರ್ಥಮ್ಮನ ಜೊತೆ ಹೋಗಿ ಹಜೀರಾಬಿಯ ಮುಂದೆ ಪುಸ್ತಕ ಇಟ್ಟು ತಲೆ ತಗ್ಗಿಸಿದೆ. "ಹಸಿರು ಕಣಮ್ಮ. ಅವನೇ ಗೆದ್ದ."

"ಗೊತ್ತು ಅಣ್ಣಾ," ಎಂದಳು ಆಕೆ. "ನಮ್ಮ ಅಜ್ಜಂಪುರದ ಮನೆ ಖಾಲಿ ಮಾಡುವಾಗ ಇವರಿಗೇ ಸಿಕ್ತು. ಓಂಕಾರಿ ಧೂಳು ಒರೆಸೋವರೆಗೂ ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಒಂದು ವಾರದ ಮಾತು ಅಂದ್ಕೊಂಡೆ. ನಿಮ್ಮನ್ನ ನಂಬಿ ಹದಿನೆಂಟು ವರ್ಷ ಬಾಯಿ ಮುಚ್ಕೊಂಡಿದ್ದೀನಿ!"

ಹೇಳುತ್ತ ಹೇಳುತ್ತ ಆಕೆಗೆ ನಗು ಬಂದುಬಿಟ್ಟಿತು. ನಲವತ್ತು ದಿನಗಳಲ್ಲಿ ಆ ಮನೆಯ ಮೊದಲ ನಗು! ತೀರ್ಥಮ್ಮನೂ ನಕ್ಕಳು. ನಾನು ಮುಖ ಆಚೆ ತಿರುಗಿಸಿ, ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡೆ.

"ನೋಡಿದ್ರಾ ಹಜೀರಮ್ಮ," ಎಂದಳು ತೀರ್ಥಮ್ಮ, "ಒರೆಸೋಕೆ ಬರುತ್ತೆ ಇವರಿಗೆ!"